ಮಳೆಗಾಲ ಕಳೆದ ಮೇಲೆ ಹುಲ್ಲಿನ ಮಷಿನ್ ಸ್ಟಾರ್ಟ್ ಆಗ್ತಿಲ್ಲ: ರಿಪೇರಿಯೋ, ಹೊಸದೋ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮನೆ ಮುಂದೆ ಸುಮಾರು ಹತ್ತು ಗುಂಟೆ ಹುಲ್ಲುಹಾಸು. ಮೂರು ವರ್ಷದ ಹಿಂದೆ ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್ ಮೂವರ್ ತಗೊಂಡಿದ್ದೆವು. ಮೇ ಕೊನೆಗೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದು. ದಸರಾ ಮುಗಿದ ಮೇಲೆ ತೆಗೆದರೆ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಇಲ್ಲಿನ ಮೆಕ್ಯಾನಿಕ್ ಕಾರ್ಬುರೇಟರ್ ಪೂರ್ತಿ ಬದಲಾಯಿಸಬೇಕು ಅಂತಾರೆ. ನಮ್ಮ ಯಜಮಾನರು ಹೊಸದೇ ತರೋಣ ಅಂತಾರೆ. ಪರಿಚಯದ ರೆಸಾರ್ಟಿನವರು ಹಳೆಯದೊಂದನ್ನು 18,000 ರೂಪಾಯಿಗೆ ಕೊಡ್ತೀವಿ ಅಂದಿದ್ದಾರೆ. ತೋಟದ ವೀಡ್ ಕಟರ್ ಹೇಗೂ ಇದೆಯಲ್ಲ ಅಂತ ಅದರಲ್ಲೇ ಹೊಡೆಸಿದೆವು. ಕಲ್ಲು ಹಾರಿ ಅತಿಥಿಗಳ ಕೋಣೆಯ ಕಿಟಕಿ ಗಾಜು ಹೋಯಿತು. ಏನು ಮಾಡೋದು ಸರ್?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಹೊಸದೂ ಬೇಡ, ರೆಸಾರ್ಟಿನದೂ ಬೇಡ. ನಿಮ್ಮ ಮಷಿನ್ ಸತ್ತಿರಲಿಕ್ಕಿಲ್ಲ. ಹಳೇ ಪೆಟ್ರೋಲ್ ಕುಡಿದು ಗಂಟಲು ಕಟ್ಟಿದೆ, ಅಷ್ಟೇ ಅಂತ ನನ್ನ ಅಂದಾಜು.

ನಾನು ಶಿವಮೊಗ್ಗದಲ್ಲಿ ಸಣ್ಣ ಎಂಜಿನ್ ರಿಪೇರಿ ಮಾಡಿಕೊಂಡಿರುವವನು. ಪಂಪ್‌ಸೆಟ್, ಔಷಧಿ ಹೊಡೆಯುವ ಮಷಿನ್, ವೀಡ್ ಕಟರ್, ಮರ ಕೊಯ್ಯುವ ಮಷಿನ್, ಜೊತೆಗೆ ವರ್ಷಕ್ಕೊಂದಿಷ್ಟು ಲಾನ್ ಮೂವರ್. ಬಯಲುಸೀಮೆ ಕಡೆಯಿಂದ ಬರುವ ಎಂಜಿನ್ ಧೂಳು ತಿಂದು, ದುಡಿದು, ಸವೆದು ಬಂದಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯದು ಹಾಗಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ಹೊಸದರ ಹಾಗೇ ಇರುತ್ತದೆ. ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಒಳಗೆ ಮಾತ್ರ ಹಸಿರು ಪಾಚಿ ಕಟ್ಟಿದ ಹಾಗೆ ಕೊಳೆ. ಇವು ದುಡಿದು ಹಾಳಾಗುವುದಿಲ್ಲ, ಕೂತು ಹಾಳಾಗುತ್ತವೆ.

ಯಾಕೆ ಅಂತ ಹೇಳುತ್ತೇನೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಈಗ ನಮ್ಮ ಹಳ್ಳಿ ಬಂಕ್‌ವರೆಗೂ ಬಂದಿದೆ. ಎಥನಾಲ್ ಅಂದರೆ ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ ತೆಗೆದ ಸ್ಪಿರಿಟ್. ಅದಕ್ಕೆ ನೀರಿನ ಆಸೆ ಜಾಸ್ತಿ. ಆಷಾಢದಲ್ಲಿ ಉಪ್ಪಿನ ಭರಣಿಯ ಮುಚ್ಚಳ ಸಡಿಲ ಬಿಟ್ಟರೆ ಏನಾಗುತ್ತದೆ ನಿಮಗೆ ಗೊತ್ತು. ಅದೇ ಕಥೆ ಇದು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಹಗಲು ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಂಪಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕ್ ನಾಲ್ಕು ತಿಂಗಳು ಹೀಗೆ ಉಸಿರಾಡಿದರೆ ನೀರು ಸೇರುತ್ತಾ ಹೋಗುತ್ತದೆ. ಮಿತಿ ಮೀರಿದ ದಿನ ನೀರು ಮತ್ತು ಸ್ಪಿರಿಟ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲ್ ಎಳೆಯುವುದು ತಳದಿಂದಲೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಿಮ್ಮಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳ ಗಾಳಿ ಅಲ್ಲೂ ಇಲ್ಲೂ ಒಂದೇ ತರ ಹಸಿ. ಇನ್ನೊಂದು ವಿಷಯ. ಹೆಚ್ಚಿನ ಮೂವರ್ ಎಂಜಿನ್‌ಗಳ ಕೈಪಿಡಿಯಲ್ಲಿ ಎಥನಾಲ್ ಶೇ. 10ಕ್ಕಿಂತ ಜಾಸ್ತಿ ಬೇಡ ಅಂತಲೇ ಬರೆದಿರುತ್ತದೆ. ನಿಮ್ಮದರಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ಅದರ ಮೇಲೆ ಕೊಟ್ಟಿಗೆ. ದನ ಕಟ್ಟುವ ಕೊಟ್ಟಿಗೆಯೇ ಆಗಿದ್ದರೆ ಅಲ್ಲಿ ಮಷಿನ್ ಇಡಲೇಬೇಡಿ. ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಹಿತ್ತಾಳೆಯದು. ಗೊಬ್ಬರದ ಚೀಲದ ಪಕ್ಕವೂ ಬೇಡ. ಆ ಗೊಬ್ಬರ ನೀರೊಡೆದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಈಗ ಪರೀಕ್ಷೆ. ಇದನ್ನು ನೀವೇ ಮಾಡಬಹುದು. ಮೊದಲು ಎಂಜಿನ್‌ಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ಪಕ್ಕಕ್ಕೆ ಸರಿಸಿ. ಬ್ಲೇಡ್ ಹತ್ತಿರ ಕೈ ಹಾಕುವ ಯಾವ ಕೆಲಸಕ್ಕೂ ಇದೇ ಮೊದಲ ಹೆಜ್ಜೆ. ಸ್ಟಾರ್ಟ್ ಆಗದ ಮಷಿನ್ ಅಂತ ಅಸಡ್ಡೆ ಮಾಡಬೇಡಿ. ಬ್ಲೇಡ್ ಕೈಯಲ್ಲಿ ತಿರುಗಿಸುವಾಗ ಒಂದು ಸಲ ಉರಿ ಹತ್ತಿಕೊಂಡರೆ ಬೆರಳು ಹೋಯಿತು ಅಂತಲೇ ಲೆಕ್ಕ.

ಆಮೇಲೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಒಂದು ಗಾಜಿನ ಬಾಟಲಿಗೆ ಇಳಿಸಿ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನಾನು ಹೇಳಿದ್ದೇ ಆಗಿದೆ. ಪದರ ಇಲ್ಲದಿದ್ದರೂ ಬಣ್ಣ ಚಹಾದ ಹಾಗೆ ಆಗಿ, ವಾರ್ನಿಷ್ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ ಅಂತ ಅರ್ಥ. ಅದನ್ನು ಬೈಕಿಗೆ ಹಾಕಿಬಿಡೋಣ ಅನ್ನಬೇಡಿ. ಬೈಕೂ ನಿಂತೀತು.

ತಾಜಾ ಪೆಟ್ರೋಲ್ ಅರ್ಧ ಲೀಟರ್ ಹಾಕಿ. ಪ್ಲಗ್ ಕ್ಯಾಪ್ ಹಾಕಿ, ಚೋಕ್ ಕೊಟ್ಟು ಎಂಟು ಹತ್ತು ಸಲ ಹಗ್ಗ ಎಳೆಯಿರಿ. ಆಗದಿದ್ದರೆ ಪ್ಲಗ್ ಬಿಚ್ಚಿ ತುದಿ ನೋಡಿ. ಇಲ್ಲಿ ಕಥೆ ಎರಡಾಗುತ್ತದೆ. ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ, ತೊಂದರೆ ಕಾರ್ಬುರೇಟರ್ ಕಡೆಗಿದೆ. ತುದಿ ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ, ಅಥವಾ ಚೋಕ್ ಜಾಸ್ತಿಯಾಗಿ ಪೆಟ್ರೋಲ್ ಓವರ್ ಆಗಿದೆ. ಹಾಗಿದ್ದರೆ ಪ್ಲಗ್ ಒರೆಸಿ, ಚೋಕ್ ಇಲ್ಲದೆ ಮತ್ತೊಮ್ಮೆ ನೋಡಿ.

ಕಿಡಿ ಇಲ್ಲದಿದ್ದರೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಹೋಗಿದೆ ಅಂತ ಒಮ್ಮೆಲೇ ತೀರ್ಮಾನ ಬೇಡ. ಹ್ಯಾಂಡಲ್ ಜೊತೆ ಸೇರಿಸಿ ಹಿಡಿಯುವ ಒಂದು ಲಿವರ್ ಇರುತ್ತದಲ್ವಾ, ಅದನ್ನು ಬಿಟ್ಟರೆ ಎಂಜಿನ್ ನಿಲ್ಲುತ್ತದೆ. ಆ ಲಿವರಿನ ಕೇಬಲ್ ಸಡಿಲವಾದರೆ, ನೀವು ಎಷ್ಟು ಗಟ್ಟಿಯಾಗಿ ಹಿಡಿದರೂ ಎಂಜಿನ್‌ಗೆ ‘ಕೈ ಬಿಟ್ಟಿದ್ದಾರೆ’ ಅಂತಲೇ ಲೆಕ್ಕ. ಕಿಡಿ ಕೊಡುವುದೇ ಇಲ್ಲ. ತುಕ್ಕು ಹಿಡಿದ ಕೇಬಲ್ ಮಳೆಗಾಲ ಕಳೆದ ಮೇಲೆ ಹೀಗೆ ಮಾಡುವುದು ತೀರಾ ಮಾಮೂಲಿ. ಹೊಸ ಕಾಯಿಲ್ ಹಾಕಿಸಿ, ಆಮೇಲೂ ಸ್ಟಾರ್ಟ್ ಆಗದೆ ನನ್ನ ಹತ್ತಿರ ತಂದವರಿದ್ದಾರೆ. ಎರಡು ಹನಿ ಎಣ್ಣೆ, ಅರ್ಧ ಇಂಚು ಕೇಬಲ್ ಬಿಗಿತ, ಅಲ್ಲಿಗೆ ಮುಗಿಯಿತು.

ಪ್ಲಗ್ ಒಣಗಿದ್ದರೆ ಕಾರ್ಬುರೇಟರ್ ಬಿಚ್ಚಬೇಕು. ನಿಮ್ಮದು ಇದೇ ಅಂತ ಕಾಣುತ್ತದೆ. ಪೂರ್ತಿ ಬದಲಾಯಿಸುವ ಮಾತು ಆಮೇಲೆ. ಕಾರ್ಬುರೇಟರ್ ಕೆಳಗೆ ಬಟ್ಟಲಿನ ಆಕಾರದ್ದೊಂದು ಇರುತ್ತದೆ, ಮೆಕ್ಯಾನಿಕ್‌ಗಳು ಬೌಲ್ ಅನ್ನುತ್ತಾರೆ. ತಳದಲ್ಲಿ ಒಂದೇ ಬೋಲ್ಟ್. ಬಹಳಷ್ಟು ಮಷಿನ್‌ಗೆ ಹತ್ತನೇ ನಂಬರ್ ಸ್ಪ್ಯಾನರ್ ಸರಿಹೋಗುತ್ತದೆ. ಪೆಟ್ರೋಲ್ ಕಾಕ್ ಇದ್ದರೆ ಮೊದಲು ಬಂದ್ ಮಾಡಿ. ಬೌಲ್ ಇಳಿಸಿದಾಗ ಒಳಗೆ ಬಿಳಿ ಪುಡಿಯೋ ಹಸಿರು ಅಂಟೋ ಕಂಡರೆ ಚೆನ್ನಾಗಿ ಒರೆಸಿ. ಮೇಲೆ ನಡುವಿನ ಕಂಬದಲ್ಲಿ ಹಿತ್ತಾಳೆಯ ಜೆಟ್ ಇದೆ. ಅದರ ತೂತು ಕೂದಲಿನಷ್ಟು ಸಣ್ಣದು. ಬೈಕಿನ ಕ್ಲಚ್ ವೈರಿನ ಎಳೆಯಲ್ಲಿ ಚುಚ್ಚುವ ಅಭ್ಯಾಸ ನಮ್ಮಲ್ಲಿದೆ. ಅದು ಉಕ್ಕು, ಜೆಟ್ ಮೆತ್ತಗಿನ ಹಿತ್ತಾಳೆ. ತೂತು ದೊಡ್ಡದಾದರೆ ಆಮೇಲೆ ಜನ್ಮಪೂರ್ತಿ ಕಪ್ಪು ಹೊಗೆ. ಕರೆಂಟ್ ವೈರಿನ ತಾಮ್ರದ ಒಂದೇ ಎಳೆ ಸಾಕು. ಆಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಬೈಕ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಿಗೆ ಹಾರದ ಹಾಗೆ ನೋಡಿಕೊಳ್ಳಿ. ಬೌಲಿನ ಸುತ್ತ ಇರುವ ರಬ್ಬರ್ ರಿಂಗ್ ಉಬ್ಬಿದ್ದರೆ ಬದಲಾಯಿಸಿ.

ಇಷ್ಟು ಮಾಡಿದ ಮೇಲೂ ಬೌಲಿನ ಒಳಮೈ ಗುಳಿ ಬಿದ್ದ ಹಾಗಿದ್ದರೆ, ಅಥವಾ ಪೆಟ್ರೋಲ್ ನಿಲ್ಲದೆ ಸೋರಿದರೆ ಆಗ ಹೊಸ ಕಾರ್ಬುರೇಟರ್. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ತೊಳೆದು ಕೊಡಲು ಎರಡು ಗಂಟೆ ಬೇಕು, ಬದಲಾಯಿಸಲು ಇಪ್ಪತ್ತು ನಿಮಿಷ. ಸೀಸನ್‌ನಲ್ಲಿ ಯಾರಾದರೂ ಎರಡನೆಯದನ್ನೇ ಹೇಳುತ್ತಾರೆ.

ಏರ್ ಫಿಲ್ಟರ್ ಕೂಡ ತೆಗೆದು ನೋಡಿ. ಪೇಪರ್ ಫಿಲ್ಟರ್ ಹಸಿಯಾಗಿ ಬೂಸಲು ಬಂದಿದ್ದರೆ ಎಸೆಯಿರಿ, ತೊಳೆಯಬೇಡಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ. ಸೈಲೆನ್ಸರ್ ತೂತಿಗೆ ಟಾರ್ಚ್ ಹಾಕಿ ನೋಡುವುದನ್ನು ಮರೆಯಬೇಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಲು ಅಂಥ ಜಾಗ ಹುಡುಕುತ್ತಿರುತ್ತದೆ. ಟ್ಯಾಂಕ್ ಮುಚ್ಚಳದ ಆ ಸಣ್ಣ ತೂತನ್ನೂ ಬಿಡುವುದಿಲ್ಲ. ಆ ತೂತು ಮುಚ್ಚಿದರೆ ಮಷಿನ್ ಸ್ಟಾರ್ಟ್ ಆಗಿ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ಇದನ್ನು ಭೂತ ಅಂದುಕೊಂಡವರೂ ಉಂಟು.

ಒಂದು ಪ್ರಶ್ನೆ ನಾನೇ ನಿಮಗೆ ಕೇಳಬೇಕು. ಮೇ ತಿಂಗಳಲ್ಲಿ ಕೊನೆಯ ಸಲ ಹೊಡೆಯುವಾಗ ಬ್ಲೇಡ್ ಕಲ್ಲಿಗೋ ಅಡಿಕೆ ಮರದ ಬುಡಕ್ಕೋ ಬಡಿದು ಎಂಜಿನ್ ಗಕ್ಕನೆ ನಿಂತಿತ್ತಾ? ನೆನಪು ಮಾಡಿಕೊಳ್ಳಿ, ಕೆಲಸದ ಹುಡುಗನನ್ನೂ ಕೇಳಿ. ಹಾಗಾಗಿದ್ದರೆ ತೊಂದರೆ ಬೇರೆ. ಮೇಲಿನ ಫ್ಲೈವೀಲ್ ಚಕ್ರವನ್ನು ಕ್ರ್ಯಾಂಕ್ ದಂಡಕ್ಕೆ ಹೊಂದಿಸುವ ಒಂದು ಸಣ್ಣ ಕೀ ಇರುತ್ತದೆ. ಏಟು ಬಿದ್ದಾಗ ಅದು ಕತ್ತರಿಸಿ ಹೋಗಬಹುದು. ಆಗ ಕಿಡಿ ಬರುತ್ತದೆ, ಆದರೆ ಹೊತ್ತಲ್ಲದ ಹೊತ್ತಿಗೆ ಬರುತ್ತದೆ. ಹಗ್ಗ ಎಳೆದರೆ ವಾಪಸ್ ಕೈಗೇ ಜಗ್ಗುತ್ತದೆ. ಪೆಟ್ರೋಲ್, ಪ್ಲಗ್ ಎಲ್ಲ ಸರಿ ಇದ್ದೂ ಹೀಗಾದರೆ ಕೀ ನೋಡಿಸಿ. ಕೀ ಸಣ್ಣ ಖರ್ಚು. ದಂಡವೇ ಬಗ್ಗಿದ್ದರೆ ಮಾತ್ರ ಹೊಸ ಮಷಿನ್ ವಿಚಾರ ಮಾಡಬೇಕಾಗುತ್ತದೆ.

ಮಷಿನ್ ಮಗುಚುವಾಗ ಏರ್ ಫಿಲ್ಟರ್ ಇರುವ ಬದಿ ಮೇಲೆ ಬರಬೇಕು. ತಪ್ಪು ಬದಿಗೆ ಮಗುಚಿದರೆ ಆಯಿಲ್ ಫಿಲ್ಟರಿಗೆ, ಕಾರ್ಬುರೇಟರಿಗೆ ಇಳಿಯುತ್ತದೆ. ಆಮೇಲೆ ಸ್ಟಾರ್ಟ್ ಆದಾಗ ಬಿಳಿ ಹೊಗೆ ನೋಡಿ ಗಾಬರಿ ಬೀಳುತ್ತೀರಿ.

ಮುಂದಿನ ಮಳೆಗಾಲಕ್ಕೆ ಏನು ಮಾಡಬೇಕು ಅಂತಲೂ ಈಗಲೇ ಹೇಳಿಬಿಡುತ್ತೇನೆ. ರೋಹಿಣಿ ಮಳೆ ಬೀಳುವ ಹೊತ್ತಿಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆಮೇಲೆ ಬೌಲಿನ ಬೋಲ್ಟ್ ಸಡಿಲಿಸಿ ತಳದ ಹನಿಯನ್ನೂ ಇಳಿಸಿ. ಈ ಕೊನೆಯ ಕೆಲಸವೇ ಮುಖ್ಯ, ಜನ ಬಿಡುವುದೂ ಇದನ್ನೇ. ಎಂಜಿನ್ ಬಿಸಿ ಇರುವಾಗಲೇ ಆಯಿಲ್ ಬದಲಾಯಿಸಿ. ಕೊಳೆ ಆಯಿಲ್‌ನಲ್ಲಿರುವ ಆಮ್ಲದ ಜೊತೆ ನಾಲ್ಕು ತಿಂಗಳು ಕೂರುವುದು ಬೇಡ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ನಿಧಾನ ಎಳೆದು, ಪ್ಲಗ್ ಹಾಕಿ. ಮತ್ತೆ ಹಗ್ಗ ಎಳೆಯುತ್ತಾ ಬಿಗಿ ಅನಿಸಿದ ಕಡೆ ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಹಸಿ ಗಾಳಿ ಒಳಗೆ ಹೋಗುವುದಿಲ್ಲ. ಬ್ಲೇಡಿನ ಮೇಲಿನ ತಗಡಿಗೆ ಅಂಟಿದ ಹುಲ್ಲು ಕೆರೆದು ತೆಗೆದು, ಒಣಗಿಸಿ, ಹಳೇ ಆಯಿಲ್ ಸವರಿ. ಟಾರ್ಪಲ್ ಮೈಗೆ ಸುತ್ತಬೇಡಿ, ಒಳಗೇ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು.

ಬಚ್ಚಲ ಒಲೆ ಹತ್ತಿರ ಬೆಚ್ಚಗಿರುತ್ತದೆ ಅಂತ ಕೆಲವರು ಅಲ್ಲಿ ಇಡುತ್ತಾರೆ. ದಯವಿಟ್ಟು ಬೇಡ. ಅಡಿಕೆ ಬೇಯಿಸುವ ಒಲೆ ಕಡೆಗೂ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ಒಲೆವರೆಗೂ ಹೋಗುತ್ತದೆ.

‘ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಎರಡು ನಿಮಿಷ ಓಡಿಸ್ತೀವಿ’ ಅನ್ನುವವರಿದ್ದಾರೆ. ಎರಡು ನಿಮಿಷದ ಓಟ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಕಾಯದಿದ್ದರೆ ಅದು ಒಳಗೇ ತಣಿದು ಆಯಿಲ್‌ಗೆ ಸೇರುತ್ತದೆ. ಓಡಿಸುವುದಾದರೆ ಕಾಲು ಗಂಟೆ ಓಡಿಸಿ, ಇಲ್ಲಾಂದರೆ ಪೂರ್ತಿ ಖಾಲಿ ಮಾಡಿ ಇಡಿ.

ಹಾಂ, ಆಯುಧ ಪೂಜೆ! ವರ್ಷಕ್ಕೊಮ್ಮೆ ಮಷಿನ್ ಮೇಲೆ ಎಲ್ಲರಿಗೂ ಪ್ರೀತಿ ಬರುವ ದಿನ. ಬೈಕ್ ತೊಳೆಯುವ ಪ್ರೆಷರ್ ಪೈಪಿನಲ್ಲೇ ಇದಕ್ಕೂ ನೀರು ಹೊಡೆದು, ಹೂವು ಮುಡಿಸಿ, ನಿಂಬೆಹಣ್ಣು ಇಡುತ್ತಾರೆ. ಮರುದಿನದಿಂದ ನನ್ನ ಅಂಗಡಿ ಮುಂದೆ ಸಾಲು. ಫಿಲ್ಟರ್ ಒಳಗೆ ನೀರು, ಪ್ಲಗ್ ಕ್ಯಾಪ್ ಒಳಗೆ ನೀರು. ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಟ್ಟರೆ ಸಾಕು, ದೇವಿ ಏನೂ ಅನ್ಕೊಳ್ಳಲ್ಲ.

ಆಯಿಲ್ ವಿಷಯ ಚಿಕ್ಕದಾಗಿ. ಈ ಎಂಜಿನ್‌ಗಳಿಗೆ ಹಿಡಿಯುವುದು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ಹೆಚ್ಚಿನವಕ್ಕೆ ಆಯಿಲ್ ಫಿಲ್ಟರ್ ಇರುವುದಿಲ್ಲ. ಕೊಳೆ ತಿರುಗಿ ತಿರುಗಿ ಒಳಗೇ ಇರುತ್ತದೆ. ಸ್ಕೂಟರಿಗೆ ಹಾಕುವ 10ಡಬ್ಲ್ಯೂ-30 ಆಯಿಲ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಹಾಕಿ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಇಡುವಾಗ ಒಂದು, ಸಂಕ್ರಾಂತಿ ಹೊತ್ತಿಗೆ ಒಂದು. ನಿಮ್ಮ ಹತ್ತು ಗುಂಟೆಗೆ ಅಷ್ಟು ಸಾಕು. ಆಯಿಲ್ ಮಟ್ಟ ನೋಡುವ ಕಡ್ಡಿಯ ಮೇಲಿನ ಗುರುತು ದಾಟಿ ತುಂಬಬೇಡಿ.

ಇನ್ನು ರೆಸಾರ್ಟಿನ ಮಷಿನ್. 18,000 ಸರಿಯೋ ದುಬಾರಿಯೋ ಅಂತ ಮಷಿನ್ ನೋಡದೆ ಹೇಳಲಾರೆ. ರೆಸಾರ್ಟಿನವರು ಯಾಕೆ ಮಾರುತ್ತಾರೆ ಅಂತ ಮಾತ್ರ ಯೋಚಿಸಿ. ಅಲ್ಲಿ ಮಷಿನ್ ವಾರಕ್ಕೆ ಮೂರು ದಿನ ಓಡುತ್ತದೆ, ಓಡಿಸುವವರು ತಿಂಗಳಿಗೊಬ್ಬರು. ಆದರೂ ನೋಡಿ ಬರಬೇಕು ಅನಿಸಿದರೆ, ಹೋಗುವ ಮೊದಲು ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಆಯಿಲ್ ಕಡ್ಡಿ ತೆಗೆದು ಬಣ್ಣ ನೋಡಿ. ಹಾಲು ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲಿಂದಲೇ ಎದ್ದು ಬನ್ನಿ. ಪ್ಲಗ್ ಕ್ಯಾಪ್ ತೆಗೆಸಿ, ಮಷಿನ್ ಸರಿಯಾದ ಬದಿಗೆ ಮಗುಚಿ, ಯಾರಾದರೂ ನಿಧಾನ ಹಗ್ಗ ಎಳೆಯಲಿ. ನೀವು ಬ್ಲೇಡಿನ ನಡುವಿನ ಬೋಲ್ಟನ್ನು ದೂರದಿಂದ ನೋಡಿ. ಅದು ನಿಂತ ಜಾಗದಲ್ಲೇ ತಿರುಗಬೇಕು. ಬುಗುರಿ ಬೀಳುವ ಮೊದಲು ವಾಲಾಡುವ ಹಾಗೆ ಆಡಿದರೆ ದಂಡ ಬಗ್ಗಿದೆ. ಆ ಮಷಿನ್ ಪುಕ್ಕಟೆ ಕೊಟ್ಟರೂ ಬೇಡ. ಸ್ಟಾರ್ಟ್ ಮಾಡಿ ಐದು ನಿಮಿಷ ಆದ ಮೇಲೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ.

ಆಮೇಲೆ ಆ ಹ್ಯಾಂಡಲ್ ಲಿವರ್. ಅಮೆರಿಕದಲ್ಲಿ 1982ರಿಂದ ಒಂದು ನಿಯಮ ಇದೆ. ಲಿವರ್ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಅಲ್ಲಿನ ಲೆಕ್ಕ ಹಿಡಿದು ಮಾಡಿದ ಮಷಿನ್‌ಗಳಲ್ಲಿ ಇದು ಇರುತ್ತದೆ. ನಮ್ಮಲ್ಲಿ ಮೂರೇ ದಿನಕ್ಕೆ ‘ಕೈ ನೋಯುತ್ತೆ’ ಅಂತ ಲಿವರಿಗೆ ದಾರ ಕಟ್ಟುತ್ತಾರೆ. ಅಂಥ ದಾರ ಕಂಡರೆ ಆ ಮಷಿನನ್ನು ಉಳಿದ ವಿಷಯದಲ್ಲಿ ಹೇಗೆ ನೋಡಿಕೊಂಡಿರುತ್ತಾರೆ ಅಂತ ಅಂದಾಜಾಗುತ್ತದೆ.

ನಿಮ್ಮದು ನಿಜವಾಗಿಯೂ ಕೈ ಕೊಟ್ಟು ಹೊಸದೇ ಬೇಕಾದರೆ ಎಂಜಿನ್ ಮೇಲೆ ಅಂಟಿಸಿದ ಹಾರ್ಸ್‌ಪವರ್ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಸಿ.ಸಿ. ನೋಡಿ. ಹತ್ತು ಗುಂಟೆಗೆ 150-160 ಸಿ.ಸಿ. ಎಂಜಿನ್, 19ರಿಂದ 21 ಇಂಚು ಅಗಲದ ಬ್ಲೇಡ್ ಧಾರಾಳ. ಲೆಕ್ಕ ಹೀಗೆ. ಒಂದು ಗುಂಟೆ ಅಂದರೆ 1,089 ಚದರ ಅಡಿ, ಹತ್ತು ಗುಂಟೆ ಸುಮಾರು ಸಾವಿರ ಚದರ ಮೀಟರ್. 21 ಇಂಚಿನ ಮಷಿನ್ ಹಿಡಿದು ಸಾಮಾನ್ಯ ನಡಿಗೆಯಲ್ಲಿ ಹೋದರೆ, ತಿರುಗಿಸುವುದು, ಹುಲ್ಲು ತುಂಬುವ ಚೀಲ ಖಾಲಿ ಮಾಡುವುದು ಎಲ್ಲ ಸೇರಿ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಪೆಟ್ರೋಲ್ ಹೆಚ್ಚೆಂದರೆ ಒಂದೂಕಾಲು ಲೀಟರ್. ನಿಮ್ಮ ಅಂಗಳದಲ್ಲಿ ಏರು ಇದ್ದರೆ ಚಕ್ರ ತಾನೇ ತಿರುಗುವ ಮಾದರಿಗೆ ಜಾಸ್ತಿ ದುಡ್ಡು ಕೊಟ್ಟರೂ ತಪ್ಪಿಲ್ಲ. ಸಮತಟ್ಟಾಗಿದ್ದರೆ ಸುಮ್ನೆ ಖರ್ಚು. ಬೆಲ್ಟು, ಗೇರು, ಕೇಬಲ್ ಅಂತ ಹಾಳಾಗಲು ಇನ್ನಷ್ಟು ಸಾಮಾನು ಅಷ್ಟೇ.

ಅಂಗಡಿಯಲ್ಲಿ ನಾನು ಮಾಡಿಸುವ ಪರೀಕ್ಷೆ ಒಂದೇ. ಮಷಿನ್ ನೋಡುವ ಮೊದಲು ‘ಇದರ ಬ್ಲೇಡ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ, ಬೌಲಿನ ರಬ್ಬರ್ ರಿಂಗ್ ತೋರಿಸಿ’ ಅನ್ನಿ. ‘ತರಿಸಿ ಕೊಡ್ತೀವಿ’ ಅಂದರೆ ಬೇರೆ ಅಂಗಡಿ ನೋಡಿ. ಶೆಲ್ಫಿನಿಂದ ತೆಗೆದು ಟೇಬಲ್ ಮೇಲೆ ಇಟ್ಟರೆ ಆಗ ಬೆಲೆ ಮಾತಾಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿಕೊಂಡು, ಎರಡನೇ ವರ್ಷ ಬ್ಲೇಡ್ ಸಿಗದೆ ಲೇತ್‌ನಲ್ಲಿ ಮಾಡಿಸಿ ಹಾಕಿದವರೊಬ್ಬರ ಮಷಿನ್ ನನ್ನ ಹತ್ತಿರ ಬಂದಿತ್ತು. ಆ ಬ್ಲೇಡಿನ ತೂಕ ಒಂದು ಕಡೆ ಹೆಚ್ಚಿತ್ತು. ಎಂಜಿನ್ ಕಂಪಿಸಿ ಕಂಪಿಸಿ ಅದನ್ನು ಕೂರಿಸಿದ ತಗಡೇ ಸೀಳಿತ್ತು.

ಬ್ಲೇಡ್ ಮಾತು ಬಂದದ್ದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮೊದಲ ಹುಲ್ಲು ಕತ್ತರಿಸುವ ಮಷಿನ್ ಮಾಡಿದಾಗ ಅದು ಕತ್ತರಿಯ ಹಾಗೆ ಕತ್ತರಿಸುತ್ತಿತ್ತು. ಉಣ್ಣೆ ಬಟ್ಟೆಯ ಜುಂಗು ಸವರುವ ಮಷಿನ್ ನೋಡಿ ಹೊಳೆದದ್ದಂತೆ. ನಿಮ್ಮದು ಹಾಗಲ್ಲ. ಇದು ಕತ್ತಿ ಬೀಸಿ ಹೊಡೆಯುವ ಜಾತಿ. 21 ಇಂಚಿನ ಬ್ಲೇಡ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ವೇಗದಿಂದಲೇ ಕತ್ತರಿಸುವುದರಿಂದ ಹರಿತ ಇಲ್ಲದಿದ್ದರೂ ಹುಲ್ಲು ತುಂಡಾಗುತ್ತದೆ, ಆದರೆ ಹರಿದು ತುಂಡಾಗುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಹುಲ್ಲಿನ ತುದಿ ಬಿಳಿಚಿಕೊಂಡು ಕಂದಾಗಿರುತ್ತದೆ. ನಮ್ಮ ಹಸಿ ಹವೆಯಲ್ಲಿ ಆ ಹರಿದ ತುದಿಯಿಂದಲೇ ಬೂಷ್ಟು ರೋಗ ಒಳಗೆ ಹೋಗುತ್ತದೆ.

ಇಪ್ಪತ್ತು ಇಪ್ಪತ್ತೈದು ಗಂಟೆ ಓಡಿದ ಮೇಲೆ ಬ್ಲೇಡ್ ಬಿಚ್ಚಿ ಅರದಲ್ಲಿ ಉಜ್ಜಿ. ಮೊದಲಿದ್ದ ಓರೆ ಹಾಗೇ ಉಳಿಯಬೇಕು. ಕತ್ತಿ ಮಸೆದ ಹಾಗೆ ತೆಳುವಾಗಿ ಹರಿತ ಮಾಡಬೇಡಿ, ಮೊದಲ ಕಲ್ಲಿಗೇ ಮುಕ್ಕಾಗುತ್ತದೆ. ಆಮೇಲೆ ಗೋಡೆಗೆ ಹೊಡೆದ ಮೊಳೆಗೆ ನಡುವಿನ ತೂತಿನಿಂದ ನೇತುಹಾಕಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನೊಂದಿಷ್ಟು ಉಜ್ಜಿ. ತಕ್ಕಡಿ ಹಾಗೆ ಸಮ ನಿಂತರೆ ಸರಿ. ವಾಪಸ್ ಹಾಕುವಾಗ ರೆಕ್ಕೆಯ ಹಾಗೆ ಎದ್ದಿರುವ ಭಾಗ ಮೇಲಕ್ಕೆ, ಎಂಜಿನ್ ಕಡೆಗೆ ಇರಬೇಕು. ತಲೆಕೆಳಗೆ ಹಾಕಿ ‘ಹುಲ್ಲೇ ಕತ್ತರಿಸಲ್ಲ’ ಅಂತ ಬರುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ.

ಎತ್ತರ ತೀರಾ ಇಳಿಸಬೇಡಿ. ಉಂಬಳದ (ಜಿಗಣೆ) ಭಯಕ್ಕೆ ಹೋಂಸ್ಟೇಯವರು ನೆಲ ಕಾಣುವಷ್ಟು ಹೊಡೆಸುತ್ತಾರೆ. ಗರಿಕೆ ಒಂದರಿಂದ ಒಂದೂವರೆ ಇಂಚು ಇದ್ದರೂ ತಡೆಯುತ್ತದೆ. ಅಗಲ ಎಲೆಯ ಬಫೆಲೊ ಹುಲ್ಲಿಗೆ ಎರಡು ಇಂಚಿಗಿಂತ ಕೆಳಗೆ ಬೇಡ. ಒಂದು ಸಲಕ್ಕೆ ಇರುವ ಎತ್ತರದಲ್ಲಿ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ನಿಮ್ಮ ಹುಲ್ಲು ಈಗ ಮೊಣಕಾಲೆತ್ತರ ಬಂದಿರಬಹುದು. ಅಂಥದ್ದಕ್ಕೆ ಮೂವರ್ ನುಗ್ಗಿಸಿದರೆ ಎಂಜಿನ್ ಉಸಿರುಗಟ್ಟುತ್ತದೆ. ಮೊದಲ ಸಲ ವೀಡ್ ಕಟರ್‌ನಲ್ಲಿ ಅರ್ಧಕ್ಕೆ ಇಳಿಸಿ, ವಾರ ಬಿಟ್ಟು ಮೂವರ್ ತನ್ನಿ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ನಂತರ. ಚೀಲದ ಹುಲ್ಲು ಅಡಿಕೆ ಬುಡಕ್ಕೆ ತೆಳ್ಳಗೆ ಹರಡಿ. ರಾಶಿ ಹಾಕಿದರೆ ಕಾವು ಏರಿ ಕೊಳೆತು ನಾರುತ್ತದೆ.

ಧರೆಯ, ಅಂದರೆ ಕಡಿದ ದಿಬ್ಬದ, ಪಕ್ಕದ ಇಳಿಜಾರಿಗೆ ಮೂವರ್ ಒಯ್ಯಬೇಡಿ. ಹತ್ತು ಅಡಿಯ ಅಡಿಕೆ ದಬ್ಬೆ ತಗೊಂಡು, ಒಂದು ತುದಿ ಮೇಲಿನ ನೆಲಕ್ಕೆ ಊರಿ, ರಸಮಟ್ಟ ಇಟ್ಟು ಸಮ ಹಿಡಿಯಿರಿ. ಇನ್ನೊಂದು ತುದಿಗೂ ನೆಲಕ್ಕೂ ಎರಡೂವರೆ ಅಡಿಗಿಂತ ಜಾಸ್ತಿ ಅಂತರ ಇದ್ದರೆ ಅಲ್ಲಿ ಮೂವರ್ ಬೇಡ. ಅದು ಸುಮಾರು 15 ಡಿಗ್ರಿ ಇಳಿಜಾರು. ಕಾಲು ಜಾರಿದರೆ ಪಾದ ಬ್ಲೇಡಿನ ಕೆಳಗೆ ಹೋಗುತ್ತದೆ. ಎಂಜಿನ್ ಓರೆಯಾದಾಗ ಒಳಗೆ ಆಯಿಲ್ ಕೂಡ ಸರಿಯಾಗಿ ಚಿಮ್ಮುವುದಿಲ್ಲ. ಅದಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಅಡ್ಡಡ್ಡ ನಡೆಯಿರಿ, ಮೇಲೆ ಕೆಳಗೆ ಬೇಡ. ಮಷಿನನ್ನು ಮೈ ಕಡೆಗೆ ಎಳೆದುಕೊಂಡು ಹಿಂದಕ್ಕೆ ನಡೆಯುವುದಂತೂ ಎಲ್ಲೂ ಬೇಡ.

ಹಾಗಾಗಿ ನಿಮಗೆ ಎರಡೂ ಮಷಿನ್ ಬೇಕು. ಧರೆ, ಕಾಲುವೆ ಅಂಚು, ಜಂಬಿಟ್ಟಿಗೆ ಕಟ್ಟೆಯ ಬುಡ, ತೋಟ, ಇವೆಲ್ಲ ವೀಡ್ ಕಟರಿನ ಜಾಗ. ಅಂಗಳದ ಹುಲ್ಲುಹಾಸು ಮೂವರಿನ ಜಾಗ. ವೀಡ್ ಕಟರ್ ಬ್ಲೇಡಿಗೆ ಮೇಲೆ ಹೊದಿಕೆ ಇಲ್ಲ, ಅದಕ್ಕೇ ಗಾಜು ಹೋಯಿತು. ಅದು ಓಡುವಾಗ 15 ಮೀಟರ್ ಒಳಗೆ ಯಾರೂ ಇರಬಾರದು. ಅತಿಥಿಗಳ ಮಕ್ಕಳಂತೂ ಸುಳಿಯಲೇಬಾರದು. ಕಿಟಕಿ ಹತ್ತಿರ ಹೊಡೆಯಲೇಬೇಕಾದರೆ ಲೋಹದ ಬ್ಲೇಡ್ ತೆಗೆದು ನೈಲಾನ್ ದಾರದ ತಲೆ ಹಾಕಿಸಿ. ಕಲ್ಲು ಆಗಲೂ ಹಾರುತ್ತದೆ, ಅದಕ್ಕೆ ಕಿಟಕಿಗೆ ಒಂದು ಹಲಗೆಯನ್ನೋ ಹಳೇ ಚಾಪೆಯನ್ನೋ ಅಡ್ಡ ಇಡಿ.

ಎರಡೂ ಇರುವ ಮನೆಯಲ್ಲಿ ಒಂದು ಎಡವಟ್ಟು ಖಂಡಿತ ಆಗುತ್ತದೆ. ನಿಮ್ಮ ವೀಡ್ ಕಟರ್ ಟೂ ಸ್ಟ್ರೋಕ್ ಆಗಿದ್ದರೆ ಅದಕ್ಕೆ ಪೆಟ್ರೋಲ್ ಜೊತೆ ಆಯಿಲ್ ಕಲಸಿ ಹಾಕಬೇಕು. ಮೂವರಿಗೆ ಬರೀ ಪೆಟ್ರೋಲ್. ಕಲಸಿದ್ದು ಮೂವರಿಗೆ ಹೋದರೆ ಹೊಗೆ ಬಂದು ಪ್ಲಗ್ ಕಪ್ಪಾಗುತ್ತದೆ, ತೊಳೆದರೆ ಸರಿಹೋಗುತ್ತದೆ. ಬರೀ ಪೆಟ್ರೋಲ್ ವೀಡ್ ಕಟರಿಗೆ ಹೋದರೆ ಸ್ವಲ್ಪ ಹೊತ್ತಲ್ಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎರಡಕ್ಕೂ ಬೇರೆ ಬೇರೆ ಕ್ಯಾನ್ ಇಡಿ. ಕಲಸಿದ್ದರ ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿ. ಕೆಲಸದ ಹುಡುಗ ಬದಲಾದಾಗ ಮೊದಲ ದಿನವೇ ಅದನ್ನು ತೋರಿಸಿ.